ಮಾಗಿಯ ಒಲೆಯ ಚರಿತ್ರೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಸಂಧಿ, ದಾನಶಾಸನಗಳ ವೃತ್ತಾಂತವೆಂದು ನಾವು ಬಹುಕಾಲದಿಂದ ತಿಳಿದುಬಂದಿದ್ದೇವೆ. ಈ ತಿಳಿವಳಿಕೆ ತಪ್ಪಲ್ಲವಾದರೂ ಅಪೂರ್ಣವಾದುದು. ರಾಜ್ಯಗಳು ಹುಟ್ಟಿ, ಬೆಳೆದು, ಅಳಿದ ಕಾಲದಲ್ಲೆಲ್ಲ ಮನೆಗಳಲ್ಲಿ ಒಲೆ ಉರಿಯುತ್ತಲೇ ಇದ್ದಿತು. ಮಕ್ಕಳು ಹಸಿವೆಂದು ಅಳುತ್ತಲೇ ಇದ್ದುವು. ತಾಯಂದಿರು ಬೇಯಿಸಿ ಬಡಿಸುತ್ತಲೇ ಇದ್ದರು. ಈ ನಿತ್ಯವ್ಯವಹಾರಕ್ಕೂ ಒಂದು ಚರಿತ್ರೆಯುಂಟು. ಅದರಲ್ಲಿಯೂ ಹೊಸಬರ ಆಗಮನವುಂಟು, ಹಳಬರ ನಿರ್ಗಮನವುಂಟು, ನ್ಯಾಯಾನ್ಯಾಯಗಳುಂಟು. ಆ ದೊಡ್ಡ ಚರಿತ್ರೆಯಲ್ಲಿ ಒಂದು ಸಣ್ಣ ಭಾಗವಾದ, ಕನ್ನಡನಾಡಿನ ಮನೆಗಳ ಚಳಿಗಾಲದ ಅಡುಗೆಯನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಲುದ್ದೇಶಿಸಿದೆ.

ನಮ್ಮ ಶಿಲಾಶಾಸನಗಳನ್ನು ಓದಿದವರಿಗೆ 'ಉತ್ತರಾಯಣ ಸಂಕ್ರಾಂತಿ' ಎಂಬ ಮಾತು ಚಿರಪರಿಚಿತವಾದುದು. ಸೂರ್ಯನು ಉತ್ತರಕ್ಕೆ ತಿರುಗುವ ಪುಣ್ಯಕಾಲದಲ್ಲಿ ಭೂಮಿಯನ್ನೋ ಸುಂಕವನ್ನೋ ಧಾರೆಯೆರೆದು ಕೊಟ್ಟ ದಾನಗಳು ಚಾಲುಕ್ಯರ ಕಾಲದಲ್ಲಿಯೂ ಹೊಯ್ಸಳರ ಕಾಲದಲ್ಲಿಯೂ ಬಹಳ. ದಾನಿಯ ಹೆಸರು, ಪಡೆದವನ ಹೆಸರು, ಭೂಮಿಯ ಎಲ್ಲೆ, ಸಾಕ್ಷಿಗಳು ಎಲ್ಲವೂ ಕಲ್ಲಿನ ಮೇಲಿವೆ. ದೇವರ ನೈವೇದ್ಯಕ್ಕೆ ಇಷ್ಟು ಅಕ್ಕಿ, ನಂದಾದೀವಿಗೆಗೆ ಇಷ್ಟು ಎಣ್ಣೆ ಎಂಬ ಲೆಕ್ಕವೂ ಅನೇಕ ಶಾಸನಗಳಲ್ಲಿ ಸಿಗುವುದು. ಆದರೆ ಅದೇ ದಿನ ಆ ದಂಡನಾಯಕನ ಮನೆಯಲ್ಲಾಗಲಿ, ಆ ಶಾಸನವನ್ನು ಕೊರೆದ ರೂವಾರಿಯ ಮನೆಯಲ್ಲಾಗಲಿ ಏನು ಬೆಂದಿತು, ಯಾರು ಬೇಯಿಸಿದರು, ಯಾರು ಮೊದಲು ಉಂಡರು, ಯಾರಿಗೆ ಕಡೆಗೆ ಉಳಿಯಿತು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಬೇರೆ ಸಾಕ್ಷಿಗಳಿಂದ ಕೇಳಬೇಕು. ಆ ಸಾಕ್ಷಿಗಳು ನಾಲ್ಕು: ಹಳೆಯ ನೆಲೆಗಳ ಬೂದಿಮಣ್ಣಿನಲ್ಲಿ ಉಳಿದ ಸುಟ್ಟ ಕಾಳುಗಳು, ಪಾಕವನ್ನು ಕುರಿತ ಗ್ರಂಥಗಳು, ನಾವು ದಿನವೂ ಆಡುವ ಶಬ್ದಗಳು, ಮತ್ತು ಇಂದಿಗೂ ನಡೆದುಬರುತ್ತಿರುವ ಆಚಾರ.

ಮೊದಲು ಕಾಲದ ಮಾತನ್ನು ತೆಗೆದುಕೊಳ್ಳೋಣ. ಮಾರ್ಗಶಿರ ಪುಷ್ಯ ಮಾಸಗಳು ಹೇಮಂತಋತು. ಮಾಘ ಫಾಲ್ಗುಣಗಳು ಶಿಶಿರ. ಜನರ ಬಾಯಲ್ಲಿ ಇವೆಲ್ಲವೂ ಸೇರಿ 'ಮಾಗಿ'ಯ ಚಳಿ. ಡಿಸೆಂಬರ್ ತಿಂಗಳ ನಡುವಿನಿಂದ ಜನವರಿ ನಡುವಿನವರೆಗೆ ಸೂರ್ಯನು ಧನುರಾಶಿಯಲ್ಲಿರುವನೆಂದು ಧನುರ್ಮಾಸ. ಅದು ಮುಗಿದೊಡನೆ ಮಕರಸಂಕ್ರಾಂತಿ. ಇಲ್ಲೊಂದು ಸ್ವಾರಸ್ಯವುಂಟು. ಸೂರ್ಯನು ನಿಜವಾಗಿ ಉತ್ತರಾಭಿಮುಖನಾಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ನಾವು ಸಂಕ್ರಾಂತಿಯನ್ನಾಚರಿಸುವುದು ಜನವರಿ ೧೪ ಅಥವಾ ೧೫ರಂದು. ಅಯನಚಲನದಿಂದ ಈ ಎರಡು ದಿನಗಳೂ ಸುಮಾರು ೭೨ ವರ್ಷಕ್ಕೆ ಒಂದು ದಿನದಂತೆ ದೂರ ಸರಿಯುತ್ತ ಬಂದಿವೆ. ಹಿಂದಕ್ಕೆ ಎಣಿಸಿಕೊಂಡು ಹೋದರೆ ಇವೆರಡೂ ಒಂದಾಗಿದ್ದುದು ಸುಮಾರು ೧೭೦೦ ವರ್ಷಗಳ ಹಿಂದೆ. ಎಂದಮೇಲೆ, ನಮ್ಮ ಮನೆಗಳಲ್ಲಿ ಎಳ್ಳಿನ ತಟ್ಟೆಯನ್ನು ಸಿದ್ಧಪಡಿಸುವ ದಿನವು ಕನ್ನಡದ ಮೊದಲ ಶಾಸನಕ್ಕಿಂತಲೂ ಹಳೆಯದಾದ ಆಕಾಶವನ್ನು ನೆನಪಿನಲ್ಲಿಟ್ಟುಕೊಂಡಿದೆ. ಪಂಚಾಂಗವನ್ನು ಗಣಿಸಿದವರು ವಿದ್ವಾಂಸರಾಗಿರಬಹುದು. ಅದನ್ನು ವರ್ಷವರ್ಷವೂ ತಪ್ಪದೆ ನಡೆಸಿಕೊಂಡು ಬಂದುದು ಅಡುಗೆಮನೆ.

ಈ ಋತುವಿನಲ್ಲಿ ಏನನ್ನು ತಿನ್ನಬೇಕೆಂಬುದನ್ನು ವೈದ್ಯಗ್ರಂಥಗಳು ವಿವರವಾಗಿ ಹೇಳಿವೆ. ಚಳಿಯಿಂದ ದೇಹದ ಉಷ್ಣವು ಹೊರಗೆ ಹೋಗಲಾರದೆ ಒಳಗೇ ನಿಂತು ಜಠರಾಗ್ನಿಯು ಬಲವಾಗುವುದೆಂದೂ, ರಾತ್ರಿ ದೀರ್ಘವಾದುದರಿಂದ ಬೆಳಗಾಗುವಾಗಲೇ ಹಸಿವಾಗುವುದೆಂದೂ ವಾಗ್ಭಟನ ಅಷ್ಟಾಂಗಹೃದಯದ ಅಭಿಪ್ರಾಯ. ಆದುದರಿಂದ ಹೊಸ ಅಕ್ಕಿ, ಉದ್ದು, ಬೆಲ್ಲ, ಹಾಲು, ಜಿಡ್ಡಿನ ಪದಾರ್ಥಗಳು ಈ ಕಾಲಕ್ಕೆ ಹಿತವೆಂದು ಆತನು ವಿಧಿಸುತ್ತಾನೆ. ಧನುರ್ಮಾಸದಲ್ಲಿ ನಕ್ಷತ್ರಗಳು ಮರೆಯಾಗುವ ಮೊದಲೇ ಪೂಜೆ ಮುಗಿಸಿ, ತುಪ್ಪ ಹಾಕಿದ ಬಿಸಿ ಹುಗ್ಗಿಯನ್ನು ಊಟ ಮಾಡುವ ಪದ್ಧತಿಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ, ಶಾಸ್ತ್ರವೂ ಹಸಿವೂ ಒಂದೇ ದಾರಿಯಲ್ಲಿ ನಡೆದುದು ಕಾಣುತ್ತದೆ.

ಹುಗ್ಗಿಯ ಪಾಕ ಬಲು ಸರಳವಾದುದು. ಒಂದು ಪಾವು ಅಕ್ಕಿಗೆ ಮುಕ್ಕಾಲು ಪಾವು ಹೆಸರುಬೇಳೆ. ಬೇಳೆಯನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿಯಬೇಕು, ಕೆಂಪಾಗಬಾರದು. ಎರಡನ್ನೂ ತೊಳೆದು, ಧಾನ್ಯದ ನಾಲ್ಕರಷ್ಟು ನೀರಿನಲ್ಲಿ ಹಣ್ಣಾಗಿ ಬೇಯಿಸಬೇಕು. ತುಪ್ಪದಲ್ಲಿ ಜೀರಿಗೆ, ತರಿತರಿಯಾಗಿ ಕುಟ್ಟಿದ ಮೆಣಸು, ಶುಂಠಿ, ಕರಿಬೇವು ಇಷ್ಟನ್ನು ಒಗ್ಗರಿಸಿ, ಉಪ್ಪು ಹಾಕಿ, ಕಾಯಿತುರಿ ಬೆರೆಸಿದರೆ ಮುಗಿಯಿತು. ಹುಣಿಸೆಯ ಗೊಜ್ಜು ಜೊತೆಗಿದ್ದರೆ ಲೇಸು. ದೇವರ ಮುಂದೆ ಇದಕ್ಕೆ ಮುದ್ಗಾನ್ನವೆಂಬ ದೊಡ್ಡ ಹೆಸರು. ಮಕ್ಕಳ ಬಾಯಲ್ಲಿ ಹುಗ್ಗಿಯೇ.

ಈ ಪಾಕದಲ್ಲಿ ಇಲ್ಲದಿರುವ ಒಂದು ವಸ್ತುವನ್ನು ವಾಚಕರು ಗಮನಿಸಿರಬಹುದು. ಇಲ್ಲಿ ಮೆಣಸುಂಟು, ಮೆಣಸಿನಕಾಯಿಯಿಲ್ಲ. ಇದಕ್ಕೆ ಚಾರಿತ್ರಿಕವಾದ ಅರ್ಥವುಂಟು. ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಗಿಡ. ಕೊಲಂಬಸನು ೧೪೯೨ರಲ್ಲಿ ಆ ಕಡೆಯ ದ್ವೀಪಗಳನ್ನು ಮುಟ್ಟಿದ ಮೇಲೆ, ವಾಸ್ಕೊ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಯ ಕಡಲತೀರಕ್ಕೆ ಬಂದ ಮೇಲೆ, ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಅವರ ಹಡಗುಗಳ ಮೂಲಕ ಅದು ನಮ್ಮ ನಾಡನ್ನು ಸೇರಿತು. ನಮ್ಮ ಪಾಕಗ್ರಂಥಗಳು ಇದಕ್ಕೆ ಅನುಗುಣವಾಗಿಯೇ ಇವೆ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಷಯಕ್ಕೆಂದೇ ಒಂದು ಅಧಿಕಾರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗದ ವಿಸ್ತಾರವಾದ ವರ್ಣನೆಯಿದೆ. ಇಂದಿನ ಇಡ್ಡಲಿ ದೋಸೆಗಳ ಪೂರ್ವಜರು ಅಲ್ಲಿ ಕಾಣಿಸಿಕೊಳ್ಳುತ್ತಾರೆ. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದನು. ಬದನೆಕಾಯಿಯ ಅಡುಗೆಗಳಿಗೇ ಅದರಲ್ಲಿ ಒಂದು ಅಧ್ಯಾಯವುಂಟು. ಈ ಕಾಲದ ಅಡುಗೆಯ ಖಾರವೆಲ್ಲ ಮೆಣಸು, ಶುಂಠಿ, ಸಾಸುವೆಗಳದು. ಹೊಸ ಕಾಯಿ ಕಡಲತೀರಕ್ಕೆ ಬಂದಿಳಿಯುತ್ತಿದ್ದ ಹೊತ್ತಿನಲ್ಲಿಯೇ ಮಂಗರಸನು ಹಳೆಯ ಅಡುಗೆಯನ್ನು ಪದ್ಯದಲ್ಲಿ ಕಟ್ಟಿಡುತ್ತಿದ್ದನು.

ಶಬ್ದಗಳ ಸಾಕ್ಷ್ಯವು ಇನ್ನೂ ಸ್ಪಷ್ಟವಾದುದು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿಯಾದುದರಿಂದ ಮೆಣಸಿನಕಾಯಿಯೆಂದರು. ಕ್ರಮೇಣ ಹೊಸಬನು ಎಷ್ಟು ಬೇರೂರಿದನೆಂದರೆ ಮೂಲದ ಮೆಣಸೇ ತನ್ನ ಗುರುತಿಗಾಗಿ ಒಂದು ವಿಶೇಷಣವನ್ನು ಹಚ್ಚಿಕೊಳ್ಳಬೇಕಾಯಿತು. ಬಯಲುಸೀಮೆಯಲ್ಲಿ ಅದು ಕರಿಮೆಣಸಾಯಿತು, ಕರಾವಳಿಯಲ್ಲಿ ಒಳ್ಳೆಮೆಣಸಾಯಿತು. ಮನೆಯ ಮಿಕ್ಕ ಅಡುಗೆಗಳೆಲ್ಲ ಹೊಸ ಕಾಯಿಗೆ ಒಲಿದರೂ ಧನುರ್ಮಾಸದ ನೈವೇದ್ಯವು ಹಳೆಯ ಮೆಣಸನ್ನೇ ಹಿಡಿದು ನಿಂತಿತು. ದೇವರ ಅಡುಗೆ ನಿಧಾನವಾಗಿ ಬದಲಾಗುವುದು. ಆದುದರಿಂದಲೇ ಅದು ಚರಿತ್ರಕಾರನಿಗೆ ಉಪಯುಕ್ತವಾದುದು.

ಇನ್ನು ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನೋಡೋಣ. ಹಳೆಯ ಮೈಸೂರಿನ ಕಡೆ ಇದನ್ನು ಸಿದ್ಧಪಡಿಸುವುದು ಒಂದು ವಾರದ ಕೆಲಸ. ಒಣಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು, ಸಣ್ಣಸಣ್ಣ ತುಂಡುಗಳಾಗಿ ಕತ್ತರಿಸಿ ಬಿಸಿಲಿಗಿಡುತ್ತಾರೆ. ಅಚ್ಚುಬೆಲ್ಲವನ್ನು ಅದೇ ಅಳತೆಗೆ ಕತ್ತರಿಸಿ ಒಣಗಿಸುತ್ತಾರೆ. ಕಡಲೆಕಾಯಿಬೀಜವನ್ನು ಹುರಿದು, ಕೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಬೇಳೆ ಮಾಡುತ್ತಾರೆ. ಬಿಳಿಯ ಎಳ್ಳನ್ನು ಚಟಪಟನೆ ಸಿಡಿಯುವವರೆಗೆ ಹುರಿಯುತ್ತಾರೆ. ಹುರಿಗಡಲೆ ಸೇರಿಸಿ, ಹಬ್ಬ ಹತ್ತಿರವಾದಾಗ ಎಲ್ಲವನ್ನೂ ಕೂಡಿಸುತ್ತಾರೆ. ಕತ್ತರಿಸುವ ಕೆಲಸಕ್ಕೆ ಮನೆಯ ಹಿರಿಯರು, ಸಿಪ್ಪೆ ಊದುವುದಕ್ಕೆ ಮಕ್ಕಳು. ಹಾಗೆ ಊದುವಾಗ ಬಾಯಿಗೆ ಎಷ್ಟು ಹೋಯಿತು, ತಟ್ಟೆಗೆ ಎಷ್ಟು ಬಿದ್ದಿತು ಎಂಬ ಲೆಕ್ಕವನ್ನು ಅಜ್ಜಿಯರು ಕಂಡೂ ಕಾಣದಂತಿರುತ್ತಾರೆ.

ಈ ಒಂದು ಹಿಡಿ ಎಳ್ಳುಬೆಲ್ಲವು ಒಂದು ಸಣ್ಣ ಭೂಗೋಳ. ಎಳ್ಳು ಭರತಖಂಡದ್ದೇ, ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಯಾದ ಎಳ್ಳು ದೊರೆತಿದೆ. ಸಂಸ್ಕೃತದ ತೈಲಶಬ್ದವು ತಿಲದಿಂದ ಬಂದುದು. ಕನ್ನಡದ ಎಣ್ಣೆಯೂ ಎಳ್ಳಿನ ನೆಯ್ ಎಂಬುದರಿಂದಲೇ ಆದುದು. ಎಂದರೆ ಈ ನಾಡಿನ ಜನರಿಗೆ ಎಣ್ಣೆಯೆಂದರೆ ಮೊದಲು ಎಳ್ಳೆಣ್ಣೆಯೇ. ಬೆಲ್ಲಕ್ಕೆ ಮೂಲವಾದ ಕಬ್ಬಿನ ತವರು ಪೂರ್ವಸಮುದ್ರದ ನ್ಯೂಗಿನಿ ದ್ವೀಪ. ರಸವನ್ನು ಕಾಸಿ ಬೆಲ್ಲಸಕ್ಕರೆಗಳನ್ನು ಮಾಡುವ ವಿದ್ಯೆಯಾದರೋ ನಮ್ಮಲ್ಲಿ ಬಹು ಪ್ರಾಚೀನವಾದುದು. ಕಡಲೆಯು ಮೊದಲು ಸಾಗುವಳಿಗೆ ಬಂದುದು ಇಂದಿನ ತುರ್ಕಿದೇಶದ ಆಗ್ನೇಯ ಭಾಗದಲ್ಲಿ. ಕಡಲೆಕಾಯಿಯು ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯಂತೆಯೇ ಇದೂ ಹಳೆಯ ಕಡಲೆಯ ಹೆಸರನ್ನು ಸಾಲ ಪಡೆದು ಒಳಗೆ ಬಂದಿತು. ಇದರ ಸಾಗುವಳಿ ದಕ್ಷಿಣ ಭಾರತದಲ್ಲಿ ವಿಸ್ತಾರವಾಗಿ ಹಬ್ಬಿದುದು ೧೯ನೆಯ ಶತಮಾನದಲ್ಲಿ. ಅನಾದಿಕಾಲದ್ದೆಂದು ನಾವು ತಿಳಿದಿರುವ ಈ ಮಿಶ್ರಣದಲ್ಲಿ ಒಂದು ಪದಾರ್ಥವು ನಾಲ್ಕು ಸಾವಿರ ವರ್ಷಕ್ಕಿಂತ ಹಳೆಯದು, ಇನ್ನೊಂದು ಕೆಲವು ತಲೆಮಾರುಗಳಷ್ಟೇ ಹಳೆಯದು. ಎರಡೂ ಒಂದೇ ತಟ್ಟೆಯಲ್ಲಿ ಸಮಾನವಾಗಿ ಕುಳಿತಿವೆ.

ಉತ್ತರದ ಜಿಲ್ಲೆಗಳಲ್ಲಿ ಚಳಿಗಾಲದ ರೀತಿ ಬೇರೆ. ಅಲ್ಲಿ ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಅಂದು ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾಹಿಂಡಿ. ಸಜ್ಜೆಯ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಕೈಯಿಂದ ತಟ್ಟಿ, ಮೇಲೆ ಎಳ್ಳನ್ನು ಉದುರಿಸಿ ಒತ್ತಿ, ಹಂಚಿನ ಮೇಲೆ ಬೇಯಿಸುವುದು. ಇದಕ್ಕಿಂತ ಸರಳವಾದ ಅಡುಗೆ ಮತ್ತೊಂದಿಲ್ಲ, ಚಳಿಗೆ ಇದಕ್ಕಿಂತ ಹಿತವಾದುದೂ ಇಲ್ಲ. ಈ ಸಜ್ಜೆಯ ಪೂರ್ವಜರೂ ಆಫ್ರಿಕ ಖಂಡದವರೇ, ಜೋಳವೂ ಹಾಗೆಯೇ. ಮಾರ್ಗಶಿರದ ಕೊನೆಯಲ್ಲಿ ಬರುವ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಅಡುಗೆಯ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುವ ಪದ್ಧತಿ ಅಲ್ಲಿಯದು. ನೆರೆಹೊರೆಯವರನ್ನು ಕರೆದು ಉಣಿಸುವುದರಿಂದ ಆ ಒಂದು ದಿನ ಹೊಲವೇ ಊಟದ ಮನೆ.

ಆ ಸೀಮೆಯ ಇನ್ನೊಂದು ಮಾಗಿಯ ಕೆಲಸ ಕುಸುರೆಳ್ಳು. ಅಗಲವಾದ ಬುಟ್ಟಿಯಲ್ಲಿಯೋ ಪರಾತದಲ್ಲಿಯೋ ಎಳ್ಳನ್ನು ಹರಡಿ, ಕೆಂಡದ ಸಣ್ಣ ಕಾವಿನ ಮೇಲಿಟ್ಟು, ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳಿನಿಂದ ಮೆಲ್ಲಗೆ ಆಡಿಸುತ್ತಿರಬೇಕು. ಪಾಕವು ಹೆಚ್ಚಾದರೆ ಎಳ್ಳು ಒಂದಕ್ಕೊಂದು ಅಂಟುವುದು. ಕಾವು ಹೆಚ್ಚಾದರೆ ಸಕ್ಕರೆ ಕೆಂಪಾಗುವುದು. ನಸುಕಿನ ಚಳಿಯಲ್ಲಿ ಕುಳಿತು ಮಾಡಿದರೆ ಕುಸುರು ಚೆನ್ನಾಗಿ ಏಳುವುದೆಂದು ಬಲ್ಲವರ ಮಾತು. ಹೀಗೆ ಹಲವು ದಿನಗಳ ಬೆಳಗಿನ ಜಾವಗಳು ಕಳೆದ ಮೇಲೆ ಒಂದೊಂದು ಎಳ್ಳಿನ ಮೈಮೇಲೂ ಬಿಳಿಯ ಮುಳ್ಳುಗಳು ಮೂಡುವುವು. ತಿನ್ನುವವನಿಗೆ ಅದು ನಾಲಗೆಯ ಮೇಲೆ ಒಂದು ಕ್ಷಣ. ಮಾಡಿದವಳಿಗೆ ಒಂದು ವಾರದ ಬೆನ್ನುನೋವು. ಅಡುಗೆಯ ಚರಿತ್ರೆಯಲ್ಲಿ ಈ ಎರಡು ಕಾಲಮಾನಗಳನ್ನೂ ಬರೆಯತಕ್ಕದ್ದು.

ಬಯಲುಸೀಮೆಯ ಮಾತಿಗೆ ಮರಳಿದರೆ, ಚಳಿಗಾಲದ ನಿಜವಾದ ಒಡೆಯನು ಅವರೆಕಾಯಿ. ರಾಗಿಯ ಹೊಲದಲ್ಲಿ ಅಕ್ಕಡಿಸಾಲಿನಲ್ಲಿ ಬಿತ್ತಿದ ಅವರೆಯು ರಾಗಿಯನ್ನು ಕೊಯ್ದ ಮೇಲೆ ಬಿಡುವಾಗಿ ಹಬ್ಬಿ, ಮಂಜು ಬೀಳುವ ಕಾಲಕ್ಕೆ ಕಾಯಿ ಬಿಡುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂದು ರೈತರ ನಂಬಿಕೆ. ಹೊಲದಲ್ಲಿ ಜೊತೆಯಾಗಿ ಬೆಳೆದವು ಊಟದಲ್ಲಿಯೂ ಜೊತೆಯಾಗಿಯೇ ಸೇರುತ್ತವೆ: ರಾಗಿಮುದ್ದೆ, ಅವರೆಕಾಯಿ ಸಾರು. ಇವೆರಡರ ಕಾಡುಮೂಲವೂ ಆಫ್ರಿಕ ಖಂಡದಲ್ಲಿದೆ. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕಿದ ಸುಟ್ಟ ಕಾಳುಗಳನ್ನು ಪರೀಕ್ಷಿಸಿದವರು, ಇಲ್ಲಿನ ಮೊದಲ ಒಕ್ಕಲಿಗರ ಆಹಾರ ಹುರುಳಿ, ಹೆಸರು ಮತ್ತು ನಾಡಿನವೇ ಆದ ಸಣ್ಣ ಧಾನ್ಯಗಳೆಂದು ಕಂಡುಕೊಂಡಿದ್ದಾರೆ. ಎಂದಮೇಲೆ ಹುಗ್ಗಿಯಲ್ಲಿರುವ ಹೆಸರು ಮನೆಯ ಹಳೆಯ ಮಗಳು. ಮುದ್ದೆಯ ರಾಗಿಯೂ ಸಾರಿನ ಅವರೆಯೂ ಹೊರಗಿನಿಂದ ಬಂದು ಮನೆಯನ್ನೇ ತುಂಬಿದ ಸೊಸೆಯರು.

ಅವರೆಕಾಯಿಯನ್ನು ಸುಲಿಯುವುದು ಒಬ್ಬರ ಕೆಲಸವಲ್ಲ. ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಕಾಯಿಯ ರಾಶಿಯನ್ನು ಸುರಿದು, ಸುತ್ತಲೂ ಎಲ್ಲರೂ ಕೂಡುವುದು. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಇದೇ ಹಿತಕಿದ ಅವರೆಬೇಳೆ. ಕೊತ್ತಂಬರಿಬೀಜ, ಮೆಣಸು, ಜೀರಿಗೆಗಳನ್ನು ಹುರಿದು, ಕಾಯಿತುರಿಯೊಡನೆ ಅರೆದು, ಬೆಂದ ಬೇಳೆಗೆ ಹಾಕಿ ಕುದಿಸಿ, ಸಾಸುವೆ ಇಂಗಿನ ಒಗ್ಗರಣೆ ಕೊಟ್ಟರೆ ಸಾರಾಯಿತು. ಬೇಳೆಯನ್ನು ಹಿಚುಕುವಾಗ ತಂಗಿಯ ಮುಖಕ್ಕೆ ಗುರಿಯಿಡುವ ಹುಡುಗರೂ, 'ಅನ್ನವನ್ನು ಎರಚಬಾರದು ಮಗು' ಎಂದು ಗದರಿಸುವ ಹಿರಿಯರೂ ಇಲ್ಲದ ಮನೆ ಅಪರೂಪ. ಮನೆಯ ಮಾತುಗಳು, ನೆಂಟಸ್ತಿಕೆಯ ವಿಚಾರಗಳು, ಹಳೆಯ ಸಾಲದ ನೆನಪುಗಳು, ತೀರಿಕೊಂಡವರ ಗುಣಗಳು ಇವೆಲ್ಲ ಮುಂದಿನ ತಲೆಮಾರಿಗೆ ಸಂದುದು ಇಂಥ ಸಂಜೆಗಳಲ್ಲಿಯೇ. ಕೈಗೆ ಕೆಲಸವಿದ್ದು ಮನಸ್ಸಿಗೆ ಬಿಡುವಿದ್ದ ಹೊತ್ತುಗಳವು.

ಆದರೆ ಚಳಿಗಾಲದ ಒಲೆಯನ್ನು ವರ್ಣಿಸುವಾಗ ಕೇವಲ ಸವಿಯನ್ನೇ ಹೇಳಿದರೆ ಚರಿತ್ರೆಗೆ ದ್ರೋಹವಾಗುತ್ತದೆ. ಮೊದಲನೆಯದಾಗಿ, ಅಕ್ಕಿಯ ಹುಗ್ಗಿ ಎಲ್ಲರ ಮನೆಯ ನಿತ್ಯಭೋಜನವಾಗಿರಲಿಲ್ಲ. ಬಯಲುಸೀಮೆಯ ಬಹುಮಂದಿಗೆ ಅಕ್ಕಿಯೆಂಬುದು ಹಬ್ಬದ ಧಾನ್ಯ. ಮಾಗಿಯು ಅವರಿಗೆ ಕಣದ ಕಾಲ; ರಾಗಿಯನ್ನು ಒಕ್ಕಿ, ತೂರಿ, ರಾಶಿ ಮಾಡಿ, ನೆಲದೊಳಗಿನ ಹಗೇವಿನಲ್ಲಿ ತುಂಬುವ ಕಾಲ. ರಾಗಿಗೆ ಹುಳು ಹಿಡಿಯುವುದು ಅಪರೂಪವಾದುದರಿಂದ ಅನೇಕ ವರ್ಷ ಕೆಡದೆ ಇರುತ್ತದೆ. ತುಂಬಿದ ಹಗೇವೆಂದರೆ ಮುಂದಿನ ಬರಗಾಲಕ್ಕೆ ಕಟ್ಟಿದ ಕೋಟೆ. ಆ ಕೋಟೆಯೂ ಕುಸಿದ ಕಾಲವುಂಟು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯೂ ಬಳ್ಳಾರಿ, ಧಾರವಾಡ, ಕಲಾದಗಿಯ ಕಡೆಯೂ ಬೆಂದುಹೋದುವು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರವಿದ್ದುದು ೧೮೮೧ರಲ್ಲಿ ಸುಮಾರು ೪೧ ಲಕ್ಷ ೮೬ ಸಾವಿರಕ್ಕಿಳಿಯಿತು. ಈ ಅಂಕಿಗಳ ಹಿಂದೆ ತಣ್ಣಗಾದ ಒಲೆಗಳೆಷ್ಟು! ನಮ್ಮ ಹಿರಿಯರು ಅನ್ನದ ಅಗುಳೊಂದು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದುದಕ್ಕೆ ಭಕ್ತಿಯೊಡನೆ ಈ ನೆನಪೂ ಸೇರಿರಬೇಕು.

ಎರಡನೆಯದಾಗಿ ಹೊಗೆ. ಧನುರ್ಮಾಸದ ಬೆಳಗಿನ ನೈವೇದ್ಯಕ್ಕೆ ಮನೆಯ ಹೆಂಗಸು ನಾಲ್ಕು ಗಂಟೆಗಿಂತ ಮೊದಲೇ ಎದ್ದು, ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ಇಬ್ಬನಿಗೆ ಒದ್ದೆಯಾದ ಸೌದೆಯನ್ನು ಊದುಗೊಳವೆಯಿಂದ ಊದಿ ಉರಿಸಬೇಕಾಗಿತ್ತು. ಬಚ್ಚಲ ಹಂಡೆಯ ಮುಂದೆ ಕೈ ಕಾಯಿಸಿಕೊಂಡು ಸುಖಪಟ್ಟವರು ಮಕ್ಕಳು; ಅದೇ ಬೆಂಕಿಯ ಹೊಗೆಯಿಂದ ಕಣ್ಣನ್ನೂ ಎದೆಯನ್ನೂ ಕೆಡಿಸಿಕೊಂಡವರು ತಾಯಂದಿರು. ಸ್ವೀಡನ್ ದೇಶದಲ್ಲಿ ೧೮೯೨ರಲ್ಲಿ ಹುಟ್ಟಿದ ಸೀಮೆಎಣ್ಣೆಯ ಪ್ರೈಮಸ್ ಒಲೆ ಇಲ್ಲಿಯ ಪಟ್ಟಣಗಳನ್ನು ಸೇರಿ ಸದ್ದು ಮಾಡಿತು. ಅಡುಗೆ ಅನಿಲದ ವಿತರಣೆ ೧೯೫೫ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಕ್ರಮೇಣ ಹಬ್ಬಿತು. ಬಡವರ ಮನೆಗಳಿಗೆ ಅದನ್ನು ಮುಟ್ಟಿಸುವ ಕೇಂದ್ರಸರ್ಕಾರದ ಉಜ್ಜ್ವಲ ಯೋಜನೆ ೨೦೧೬ರಲ್ಲಿ ಹೊರಟಿತು. ಸೌದೆಯೊಲೆಯ ರುಚಿ ಹೋಯಿತೆಂದು ಮರುಗುವವರು, ಆ ರುಚಿಯ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ನೆನೆಯುವುದು ಉಚಿತ.

ಮೂರನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು. ಸಂಕ್ರಾಂತಿಯ ಸಂಜೆ ಎಳ್ಳು ಬೀರುವುದು ಮುತ್ತೈದೆಯರದೂ ಕನ್ಯೆಯರದೂ ಸಂಭ್ರಮ. ಹೊಸದಾಗಿ ಮದುವೆಯಾದವಳಿಗೆ ಅದು ವಿಶೇಷ. ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕುಳ್ಳಿರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ತಲೆಯ ಮೇಲೆ ಎರೆದು ಆರತಿಯೆತ್ತುವುದು ಎಷ್ಟು ಮುದ್ದಾದ ನೋಟ! ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬುದು ಆ ದಿನದ ನುಡಿ. ಆದರೆ ಅನೇಕ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಆ ಸಂಜೆ ನಡುಮನೆಗೆ ಬರುತ್ತಿರಲಿಲ್ಲ. ವಾರವೆಲ್ಲ ಕೊಬ್ಬರಿಯನ್ನು ಕತ್ತರಿಸಿದವಳು ಅವಳೇ. ಬೆಲ್ಲವನ್ನು ಬಿಸಿಲಿಗಿಟ್ಟು ಇರುವೆಯಿಂದ ಕಾದವಳು ಅವಳೇ. ಎಳ್ಳಿನ ಹದವನ್ನು ಮನೆಗೆಲ್ಲ ಚೆನ್ನಾಗಿ ಬಲ್ಲವಳೂ ಅವಳೇ. ತಟ್ಟೆ ತುಂಬಿ, ಕುಂಕುಮದ ಬಟ್ಟಲು ಅದರ ಪಕ್ಕದಲ್ಲಿ ಬಂದೊಡನೆ ಅವಳು ಒಳಗೆ ಸರಿಯಬೇಕಾಗಿತ್ತು. ಇಂಥವರಲ್ಲಿ ಕೆಲವರು ಹತ್ತು ಹನ್ನೆರಡು ವರ್ಷದ ಬಾಲೆಯರಾಗಿದ್ದರೆಂಬುದನ್ನು ಮರೆಯಬಾರದು. ಬಾಲವಿಧವೆಯ ಪಾಡನ್ನು ವಸ್ತುವಾಗಿಟ್ಟುಕೊಂಡ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಕಾದಂಬರಿ ೧೮೯೯ರಲ್ಲಿ ಪ್ರಕಟವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಒಳಗಾದ ನಂಜನಗೂಡು ತಿರುಮಲಾಂಬನವರು ೧೯೧೩ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ತೊಡಗಿ, ಮನೆಯೊಳಗಿನ ಹೆಣ್ಣಿನ ಮಾತನ್ನು ಅಚ್ಚಿನ ಪುಟಕ್ಕೆ ತಂದರು. ಅದಕ್ಕೆ ಮೊದಲು ಶತಮಾನಗಳ ಕಾಲ ಆ ಮಾತು ಒಲೆಯ ಮುಂದೆಯೇ ಹುಟ್ಟಿ ಒಲೆಯ ಮುಂದೆಯೇ ಅಡಗಿತು.

ಇಲ್ಲಿ ವಿಚಾರಿಸಬೇಕಾದ ವಿಷಯ ಒಂದುಂಟು. ನಮ್ಮ ಅಡುಗೆಮನೆಯು ಹೊರಗಿನವರನ್ನು ಒಳಗೆ ಕರೆದುಕೊಳ್ಳುವುದರಲ್ಲಿ ಬಹಳ ಉದಾರವಾದುದು. ಆಫ್ರಿಕದ ರಾಗಿಯನ್ನು ಅದು ತನ್ನದಾಗಿಸಿಕೊಂಡಿತು. ಅಮೆರಿಕದ ಕಾಯಿಗೆ ತನ್ನ ಮೆಣಸಿನ ಹೆಸರನ್ನೇ ಕೊಟ್ಟಿತು. ನಿನ್ನೆ ಮೊನ್ನೆ ಬಂದ ಕಡಲೆಕಾಯಿಯನ್ನು ಹಬ್ಬದ ತಟ್ಟೆಯಲ್ಲಿ ಎಳ್ಳಿನ ಸಮಕ್ಕೆ ಕುಳ್ಳಿರಿಸಿತು. ಯಾವ ಶಾಸ್ತ್ರವೂ ಇವುಗಳಿಗೆ ಅನುಮತಿ ಕೊಡಬೇಕಾಗಲಿಲ್ಲ. ಮಾಡುವ ಕೈಗೆ ಸರಿಯೆಂದು ತೋರಿತು, ಆಯಿತು. ಏಳು ಸಮುದ್ರದಾಚೆಯ ಕಾಳಿಗೆ ಸಂದ ಈ ಮನ್ನಣೆ ಅದೇ ಮನೆಯಲ್ಲಿ ಹುಟ್ಟಿದ ಮಗಳಿಗೆ ಸಲ್ಲಲಿಲ್ಲ. ಹಳೆಯದೆಲ್ಲವೂ ಬದಲಾಗದುದು, ಬದಲಿಸಬಾರದುದು ಎಂಬ ವಾದವನ್ನು ಎತ್ತುವವರಿಗೆ ಎಳ್ಳುಬೆಲ್ಲದ ತಟ್ಟೆಯೇ ಉತ್ತರವನ್ನು ಕೊಡುತ್ತದೆ. ಬದಲಾವಣೆ ಅಲ್ಲಿ ಎಂದೋ ಆಗಿದೆ. ಪದಾರ್ಥಗಳ ವಿಷಯದಲ್ಲಿ ಆದುದು ಮನುಷ್ಯರ ವಿಷಯದಲ್ಲಿ ಆಗಬಾರದೆಂಬುದಕ್ಕೆ ಕಾರಣ ಕಾಣದು. ಎಳ್ಳನ್ನು ಹುರಿದ ಕೈಗೇ ಮೊದಲ ಹಿಡಿಯನ್ನು ಕೊಡುವ ಮನೆಗಳು ಈಗ ಉಂಟು, ಅವು ಹೆಚ್ಚಲಿ. ಹೊಸ ಆಚಾರವೊಂದು ಹುಟ್ಟುವುದಕ್ಕೆ ಒಂದು ಸಂಕ್ರಾಂತಿ ಸಾಕು.

ಕಡೆಯದಾಗಿ ನಮ್ಮಂಥ ಸಾಹಿತ್ಯಸಂಘಗಳ ಸದಸ್ಯರಲ್ಲಿ ಒಂದು ವಿಜ್ಞಾಪನೆ. ತೂಕ ಅಳತೆಗಳ ಶಾಸನ ೧೯೫೬ರಲ್ಲಿ ಬಂದು, ಮೆಟ್ರಿಕ್ ಪದ್ಧತಿ ೧೯೫೮ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಯಾದ ಮೇಲೆ ಸೇರು, ಪಾವು, ಚಟಾಕುಗಳು ಅಂಗಡಿಯಿಂದ ಹೋದುವು. ಮನೆಗಳಲ್ಲಿ ಮಾತ್ರ ಪಾವು ಇನ್ನೂ ಅಕ್ಕಿಯ ಡಬ್ಬಿಯೊಳಗಿದೆ. ಅದರಂತೆಯೇ ಒಂದು ದೊಡ್ಡ ವಿದ್ಯೆ ಹಿರಿಯ ಹೆಂಗಸರ ಕೈಯಲ್ಲಿ, ಬರಹಕ್ಕೆ ಬಾರದೆ, ಇನ್ನೂ ಉಳಿದಿದೆ. 'ಒಂದು ಹಿಡಿ', 'ಕೈಗೆ ಅಂಟದಷ್ಟು', 'ಘಮ್ಮೆನ್ನುವವರೆಗೆ' ಎಂಬುವೇ ಅದರ ಪರಿಭಾಷೆ. ಸೋಮೇಶ್ವರನೂ ಮಂಗರಸನೂ ಬರೆದುದು ಅರಮನೆಯ ಮತ್ತು ಸಿರಿವಂತರ ಅಡುಗೆಯನ್ನು. ಸಾಮಾನ್ಯರ ಮನೆಯ ಮಾಗಿಯ ಅಡುಗೆಯನ್ನು ಬರೆದಿಡಬೇಕಾದವರು ನಾವು. ಈ ಚಳಿಗಾಲದಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತು ಕೇಳಿ ಬರೆದುಕೊಳ್ಳಲಿ. ಪಾಕದ ಅಳತೆಯನ್ನಷ್ಟೇ ಬರೆದರೆ ಸಾಲದು. ಸೌದೆಯನ್ನು ಯಾರು ತರುತ್ತಿದ್ದರು, ಅರೆಯುವ ಕಲ್ಲು ಯಾರ ಪಾಲಿಗಿತ್ತು, ಎಲ್ಲರೂ ಉಂಡೆದ್ದ ಮೇಲೆ ಕೊನೆಯ ಎಲೆ ಯಾರದಾಗಿತ್ತು, ಅದರಲ್ಲಿ ಏನು ಉಳಿದಿರುತ್ತಿತ್ತು ಎಂಬುದನ್ನೂ ಕೇಳಬೇಕು. ಹೇಳುವವರು ಮೊದಲು 'ಅದರಲ್ಲೇನಿದೆ ಬರೆಯುವುದು?' ಎನ್ನುವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಳು ಬಿಡಿಸುತ್ತಿದ್ದರೆ ತಾವಾಗಿಯೇ ಮಾತು ತೆಗೆಯುವರು.